ರಿವರ್‌ನಲ್ಲಿ ದೊಡ್ಡ ಬೆಟ್ ಬಂದಾಗ ಕಾಲ್ ಮಾಡುವುದೋ, ಫೋಲ್ಡ್ ಮಾಡುವುದೋ?

ಪ್ರಶ್ನೆ: ಗೆಳೆಯರೊಡನೆ ಹೋಲ್ಡೆಮ್ ಪೋಕರ್ (ಎರಡು ಎಲೆ ಕೈಯಲ್ಲಿ, ಐದು ಎಲೆ ಎಲ್ಲರಿಗೂ ಸೇರಿ ಮೇಜಿನ ಮೇಲೆ) ಆಡುತ್ತೇನೆ. ಫ್ಲಾಪ್‌ನಲ್ಲೇ, ಅಂದರೆ ಮೇಜಿನ ಮೊದಲ ಮೂರು ಎಲೆ ತೆರೆದಾಗಲೇ, ನನಗೆ ಒಳ್ಳೆಯ ಜೋಡಿ ಸಿಕ್ಕಿರುತ್ತದೆ. ಎದುರಿನವರು ಪ್ರತಿ ಸುತ್ತಿನಲ್ಲೂ ಬೆಟ್ ಹಾಕುತ್ತಾ ಬಂದು ರಿವರ್‌ನಲ್ಲಿ, ಅಂದರೆ ಐದನೆಯ ಕೊನೆಯ ಎಲೆ ಬಿದ್ದ ಮೇಲೆ, ದೊಡ್ಡ ಮೊತ್ತವನ್ನೇ ಮುಂದಿಡುತ್ತಾರೆ. ಕಾಲ್ ಮಾಡಿದರೆ (ಅವರಷ್ಟೇ ಮೊತ್ತ ಹಾಕಿದರೆ) ಸೋಲುತ್ತೇನೆ, ಫೋಲ್ಡ್ ಮಾಡಿದರೆ (ಎಲೆ ಬಿಟ್ಟುಕೊಟ್ಟರೆ) ಅವರು ಬ್ಲಫ್, ಅಂದರೆ ದುರ್ಬಲ ಎಲೆ ಹಿಡಿದು ಹಾಕಿದ ಸುಳ್ಳು ಬೆಟ್, ತೋರಿಸಿ ನಗುತ್ತಾರೆ. ಹೇಗೆ ತೀರ್ಮಾನಿಸಬೇಕು?

ಉತ್ತರ: ಮೂರೆಲೆ ಆಡಿ ಪೋಕರ್‌ಗೆ ಬಂದವರಲ್ಲಿ ಒಂದು ಚಾಳಿ ಉಳಿದಿರುತ್ತದೆ. ಇಷ್ಟು ದೂರ ಬಂದಾಗಿದೆ, ಇನ್ನಷ್ಟು ಕೊಟ್ಟು ಎದುರಿನವರ ಎಲೆಗಳನ್ನು ನೋಡಿಯೇ ಬಿಡೋಣ ಎಂಬ ಚಾಳಿ. ಹೋಲ್ಡೆಮ್‌ನಲ್ಲಿ ಪಾಟ್ (ಎಲ್ಲರೂ ಹಾಕಿದ ಮೊತ್ತ) ಬೆಳೆದಂತೆ ಬೆಟ್ ಕೂಡ ಬೆಳೆಯುವುದರಿಂದ ಈ ಕುತೂಹಲ ರಿವರ್‌ನಲ್ಲೇ ಅತಿ ದುಬಾರಿಯಾಗುತ್ತದೆ. ‘ಇವರು ಸುಳ್ಳು ಹೇಳುತ್ತಿದ್ದಾರೆಯೇ?’ ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ‘ಈ ಬೆಲೆಗೆ ಇವರು ನೂರರಲ್ಲಿ ಎಷ್ಟು ಸಲ ಸುಳ್ಳು ಹೇಳುತ್ತಿರಬೇಕು?’ ಎಂದು ಕೇಳಿಕೊಂಡರೆ ಉತ್ತರವನ್ನು ಎಣಿಸಿಯೇ ತೆಗೆಯಬಹುದು.

ಮೊದಲು ಬೆಲೆ ನೋಡೋಣ. ಪಾಟ್‌ನಲ್ಲಿ 1000 ಇದೆ, ಅವರು 500 ಹಾಕಿದ್ದಾರೆ. ನೀವೂ 500 ಹಾಕಿದರೆ ಒಟ್ಟು 2000. ಅದರಲ್ಲಿ ನಿಮ್ಮದು ಕಾಲು ಭಾಗ. ಅಂದರೆ ನಾಲ್ಕು ಸಲ ಕಾಲ್ ಮಾಡಿ ಒಂದು ಸಲ ಗೆದ್ದರೂ ಲೆಕ್ಕ ಸಮವಾಗುತ್ತದೆ. ಬೆಟ್ ಪಾಟ್‌ನಷ್ಟೇ ಇದ್ದರೆ ಮೂರರಲ್ಲಿ ಒಂದು ಸಲ ಗೆಲ್ಲಬೇಕು. ಪಾಟ್‌ನ ಮೂರನೇ ಒಂದು ಭಾಗದ ಬೆಟ್ಟಿಗೆ ಐದರಲ್ಲಿ ಒಂದು ಸಲ ಸಾಕು. ಪಾಟ್‌ನ ಎರಡರಷ್ಟು ಹಾಕಿದವರೆದುರು ಐದರಲ್ಲಿ ಎರಡು ಸಲ ಬೇಕು. ಹೀಗಾಗಿ ‘ಕಾಲ್ ಮಾಡಿದರೆ ಸೋಲುತ್ತೇನೆ’ ಎಂಬ ದೂರಿನಿಂದ ಏನೂ ತಿಳಿಯುವುದಿಲ್ಲ. ಅರ್ಧ ಪಾಟ್‌ನ ಬೆಟ್ಟುಗಳಿಗೆ ಕಾಲ್ ಮಾಡಿ ನಾಲ್ಕರಲ್ಲಿ ಎರಡೂವರೆ ಸಲ ಸೋಲುವವರು ಲಾಭದಲ್ಲೇ ಇದ್ದಾರೆ.

ಇನ್ನು ಎಣಿಕೆ. ಒಂದು ಕೈಯನ್ನು ಹತ್ತಿರದಿಂದ ನೋಡೋಣ. ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ಮೊತ್ತ, 50 ಮತ್ತು 100. ಎದುರಿನವರು 300ಕ್ಕೆ ರೇಸ್ ಮಾಡಿದ್ದಾರೆ, ಅಂದರೆ ಬೆಟ್ ಏರಿಸಿದ್ದಾರೆ. ಬಿಗ್ ಬ್ಲೈಂಡ್‌ನಲ್ಲಿರುವ (100 ಹಾಕಿರುವ) ನೀವು ಡೈಮಂಡ್ ರಾಜ, ಡೈಮಂಡ್ ಗುಲಾಮ ಹಿಡಿದು ಕಾಲ್ ಮಾಡಿದಿರಿ, ಉಳಿದವರು ಬಿಟ್ಟರು. ಪಾಟ್ 650. ಫ್ಲಾಪ್‌ನಲ್ಲಿ ಇಸ್ಪೀಟ್ ರಾಜ, ಇಸ್ಪೀಟ್ ಒಂಬತ್ತು, ಡೈಮಂಡ್ ನಾಲ್ಕು. ನೀವು ಚೆಕ್ (ಬೆಟ್ ಹಾಕದೆ ಸುಮ್ಮನಿರುವುದು), ಅವರು 350, ನೀವು ಕಾಲ್. ಟರ್ನ್‌ನಲ್ಲಿ, ಅಂದರೆ ನಾಲ್ಕನೇ ಎಲೆಯಾಗಿ, ಕ್ಲಾವರ್ ಏಳು. ಅವರು 800, ನೀವು ಕಾಲ್. ಪಾಟ್ ಈಗ 2950. ರಿವರ್‌ನಲ್ಲಿ ಆಟೀನ್ ಎರಡು, ಯಾರಿಗೂ ಉಪಯೋಗವಿಲ್ಲದ ಎಲೆ. ನೀವು ಚೆಕ್ ಮಾಡುತ್ತೀರಿ, ಅವರು 1500 ಮುಂದಿಡುತ್ತಾರೆ. ಕಾಲ್ ಮಾಡಿದರೆ ಒಟ್ಟು 5950. ನಿಮಗೆ ಬೇಕಾದದ್ದು ಶೇ 25ಕ್ಕಿಂತ ಕೂದಲೆಳೆ ಹೆಚ್ಚು.

ನಿಮ್ಮನ್ನು ಸೋಲಿಸುವ ಯಾವ ಎಲೆಗಳಿಂದ ಅವರು ಹೀಗೆ ಆಡುತ್ತಾರೆ? ಎಕ್ಕದ ಜೋಡಿ 6 ಬಗೆಯಲ್ಲಿ ಬರಬಹುದು. ಎಕ್ಕ-ರಾಜ: ಒಂದು ರಾಜ ಮೇಜಿನ ಮೇಲಿದೆ, ಒಂದು ನಿಮ್ಮ ಕೈಯಲ್ಲಿದೆ, ಉಳಿದ ಎರಡು ರಾಜಗಳು ನಾಲ್ಕು ಎಕ್ಕಗಳೊಡನೆ ಸೇರಿದರೆ 8. ರಾಜ-ರಾಣಿಯೂ ಹಾಗೆಯೇ 8. ಒಂಬತ್ತು, ಏಳು, ನಾಲ್ಕರ ಜೋಡಿ ಹಿಡಿದು ಸೆಟ್ (ಒಂದೇ ಅಂಕಿಯ ಮೂರು ಎಲೆ) ಮಾಡಿಕೊಂಡವು ತಲಾ 3, ರಾಜನ ಜೋಡಿ 1. ಎಲ್ಲ ಸೇರಿ 32. ರಾಜ-ಒಂಬತ್ತು, ಎರಡರ ಜೋಡಿಯಂಥ ಚಿಲ್ಲರೆ ಸಾಧ್ಯತೆಗಳನ್ನು ಬಿಟ್ಟಿದ್ದೇನೆ.

ಇನ್ನು ಅವರ ಸುಳ್ಳುಗಳು. ಫ್ಲಶ್‌ಗೆ (ಒಂದೇ ಗುರುತಿನ ಐದು ಎಲೆ) ಕಾದು ಸಿಗದೇ ಹೋದ ಇಸ್ಪೀಟ್ ಎಲೆಗಳು ಮೊದಲು. ಎಕ್ಕದ ಜೊತೆ ರಾಣಿ, ಗುಲಾಮ, ಹತ್ತು, ಎಂಟು, ಆರು, ಐದು, ಮೂರು, ಹೀಗೆ 7. ರಾಣಿ-ಗುಲಾಮ, ರಾಣಿ-ಹತ್ತು, ಗುಲಾಮ-ಹತ್ತು, ಹತ್ತು-ಎಂಟು, ಆರು-ಐದು, ಹೀಗೆ ಇನ್ನು 5. ಸ್ಟ್ರೇಟ್‌ಗೆ (ಅನುಕ್ರಮವಾಗಿ ಬರುವ ಐದು ಎಲೆ) ಕಾದ ಆಟೀನ್ ಮತ್ತು ಕ್ಲಾವರ್‌ನ ಗುಲಾಮ-ಹತ್ತು 2. ಒಟ್ಟು 14.

ಈ ಹದಿನಾಲ್ಕರಲ್ಲೂ ಅವರು ಮೂರನೇ ಬೆಟ್ ಹಾಕುವವರಾದರೆ ನೀವು 46ರಲ್ಲಿ 14 ಸಲ, ಅಂದರೆ ಶೇ 30ರಷ್ಟು ಗೆಲ್ಲುತ್ತೀರಿ. ಕಾಲ್ ಮಾಡಿ. ಅರ್ಧದಷ್ಟು ಸಲ ಧೈರ್ಯ ಸಾಲದೆ ಚೆಕ್ ಮಾಡಿಬಿಡುವವರಾದರೆ 39ರಲ್ಲಿ 7, ಶೇ 18. ಫೋಲ್ಡ್ ಮಾಡಿ. ಎಲೆಗಳೂ ಮೊತ್ತಗಳೂ ಬದಲಾಗಲಿಲ್ಲ, ಎದುರಿಗೆ ಕುಳಿತವರ ಸ್ವಭಾವ ಮಾತ್ರ ಬದಲಾಯಿತು. ಅವರು 1500ರ ಬದಲು ಪೂರ್ತಿ ಪಾಟ್‌ನಷ್ಟು, ಅಂದರೆ 2950 ಹಾಕಿದ್ದರೆ ನಿಮಗೆ ಶೇ 33 ಬೇಕಿತ್ತು. ಆಗ ಹದಿನಾಲ್ಕೂ ಬ್ಲಫ್ ಎಂದಿಟ್ಟುಕೊಂಡರೂ ಸಾಲದು.

ನಿಮ್ಮ ಡೈಮಂಡ್ ಗುಲಾಮನ ಜಾಗದಲ್ಲಿ ಇಸ್ಪೀಟ್ ಗುಲಾಮ ಇದ್ದಿದ್ದರೆ? ಹೊಸಬರು ಇಸ್ಪೀಟ್ ಕೈಯಲ್ಲಿರುವುದನ್ನು ಶುಭಸೂಚನೆ ಎಂದುಕೊಳ್ಳುತ್ತಾರೆ. ನಿಜವೆಂದರೆ ಆ ಒಂದು ಎಲೆ ನಿಮ್ಮ ಬಳಿ ಇರುವುದರಿಂದ ಎದುರಿನವರ ಎಕ್ಕ-ಗುಲಾಮ, ರಾಣಿ-ಗುಲಾಮ, ಗುಲಾಮ-ಹತ್ತರ ಮೂರು ಇಸ್ಪೀಟ್ ಬ್ಲಫ್‌ಗಳು ಅಳಿಸಿಹೋದವು. ಅವರ ಗೆಲ್ಲುವ ಕೈಗಳು ಮಾತ್ರ ಹಾಗೆಯೇ ಉಳಿದವು. ನಿಮ್ಮ ಕೈಯ ಬಲ ಅಷ್ಟೇ ಇದ್ದರೂ ಕಾಲ್ ಮಾಡುವ ಕಾರಣ ತೆಳುವಾಯಿತು.

ಮೇಜಿನ ಮುಂದೆ ಕುಳಿತು ಇಷ್ಟನ್ನೂ ಎಣಿಸಲು ಯಾರಿಗೂ ಸಾಧ್ಯವಿಲ್ಲ, ಸಾಧ್ಯವಾದರೂ ಉಳಿದವರು ಸಹಿಸುವುದಿಲ್ಲ. ಮನೆಯಲ್ಲಿ ಕಾಗದದ ಮೇಲೆ ನಾಲ್ಕಾರು ಕೈಗಳನ್ನು ಹೀಗೆ ಬಿಡಿಸಿ ನೋಡಿದವರಿಗೆ ಮೇಜಿನಲ್ಲಿ ಅಂದಾಜು ತಾನಾಗಿ ಬರುತ್ತದೆ. ಮೇಜಿನಲ್ಲಿ ನಿಜವಾಗಿ ಮಾಡಬೇಕಾದ ಕೆಲಸ ನೀವು ಆಡದ ಕೈಗಳನ್ನು ನೋಡುವುದು. ಬಹಳ ಜನ ಫೋಲ್ಡ್ ಮಾಡಿದ ಕೂಡಲೇ ಮೊಬೈಲ್ ತೆಗೆಯುತ್ತಾರೆ. ಯಾರು ರಿವರ್‌ನಲ್ಲಿ ಬೆಟ್ ಹಾಕಿ ಕೊನೆಗೆ ಏನು ತೋರಿಸಿದರು, ಫ್ಲಶ್ ಕೈತಪ್ಪಿದಾಗ ಯಾರು ಸುಮ್ಮನಾದರು ಎಂಬ ಮಾಹಿತಿ ಅಲ್ಲಿ ಬಿಟ್ಟಿಯಾಗಿ ಸಿಗುತ್ತಿರುತ್ತದೆ. ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿದ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಮೇಲೆ ನಮ್ಮಲ್ಲಿ ಬಹುತೇಕರ ಪೋಕರ್ ಉಳಿದಿರುವುದು ಬರಿಯ ಚಿಪ್ಸ್ ಇಟ್ಟುಕೊಂಡು ಗೆಳೆಯರೊಡನೆ ಆಡುವ ಮೇಜಿನಲ್ಲಿ. ಅದೇ ನಾಲ್ಕೈದು ಮುಖಗಳು. ಅವರ ಸ್ವಭಾವ ಕಲಿಯಲು ಇದಕ್ಕಿಂತ ಅನುಕೂಲ ಬೇಕೆ? ಇಂಥ ಮೇಜುಗಳಲ್ಲಿ ಮೂರೂ ಸುತ್ತು ಸುಳ್ಳು ನಡೆಸುವವರು ಕಡಿಮೆ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಗುರುತಿಲ್ಲದವರ ಮೂರನೇ ದೊಡ್ಡ ಬೆಟ್ಟಿಗೆ ಒಂದೇ ಜೋಡಿ ಹಿಡಿದು ನಾನು ಫೋಲ್ಡ್ ಮಾಡುತ್ತೇನೆ.

ಬ್ಲಫ್ ತೋರಿಸಿ ನಗುವವರ ವಿಷಯ ಬೇರೆ. ನೀವು ಫೋಲ್ಡ್ ಮಾಡಿದಾಗ ಅವರು ಎಲೆ ತೋರಿಸಬೇಕೆಂದಿಲ್ಲ. ತೋರಿಸುವುದು ಅವರ ಇಷ್ಟ. ಎಕ್ಕದ ಜೋಡಿ ಇದ್ದಾಗ ಸುಮ್ಮನೆ ಎಲೆಗಳನ್ನು ಡೀಲರ್ ಕಡೆ ತಳ್ಳಿ, ಬ್ಲಫ್ ಇದ್ದಾಗ ಮಾತ್ರ ಮೇಜಿನ ಮೇಲೆ ಹರಡುತ್ತಾರೆ. ಹೀಗೆ ಹತ್ತು ಫೋಲ್ಡ್‌ಗಳಲ್ಲಿ ಒಂದು ತಪ್ಪಾಗಿದ್ದರೂ ನಿಮ್ಮ ನೆನಪಿನಲ್ಲಿ ಉಳಿಯುವುದು ಅದೊಂದೇ. ಮುಂದಿನ ಸಲ ನೀವು ಸಿಟ್ಟಿನಿಂದ ಕಾಲ್ ಮಾಡಲಿ ಎಂದೇ ಅವರು ಅದನ್ನು ತೋರಿಸಿರುತ್ತಾರೆ.

ಕೈ ಇನ್ನೂ ಪೂರ್ಣವಾಗದೆ ಎಲೆಗೆ ಕಾಯುತ್ತಿರುವಾಗ ಲೆಕ್ಕ ಸುಲಭ, ಆದರೂ ಇಲ್ಲಿ ಒಂದು ತಪ್ಪು ಬಹಳ ಸಾಮಾನ್ಯ. ಫ್ಲಶ್‌ಗೆ ಒಂದು ಎಲೆ ಕಡಿಮೆ ಇದ್ದರೆ ನಿಮಗೆ ಬೇಕಾದ ಎಲೆಗಳು 9. ಫ್ಲಾಪ್‌ನಿಂದ ಎರಡು ಎಲೆ ನೋಡಲು ಸಿಕ್ಕರೆ ಶೇ 35, ಟರ್ನ್ ಮೇಲೆ ಒಂದೇ ಎಲೆ ಉಳಿದಾಗ 46ರಲ್ಲಿ 9, ಅಂದರೆ ಶೇ 19.6. ಬೇಕಾದ ಎಲೆಗಳನ್ನು ನಾಲ್ಕರಿಂದ ಗುಣಿಸುವ ಸೂತ್ರವನ್ನು ಎಲ್ಲಿಯೋ ಕಲಿತವರು ಫ್ಲಾಪ್‌ನಲ್ಲಿ ಶೇ 36 ಎಂದು ನಂಬಿ ಕಾಲ್ ಮಾಡುತ್ತಾರೆ, ಟರ್ನ್‌ನಲ್ಲಿ ಮತ್ತೊಂದು ಬೆಟ್ ಬಂದಾಗ ಬಿಡುತ್ತಾರೆ. ಇನ್ನು ಬೆಟ್ ಬರಲಾರದು ಎನ್ನುವಾಗ, ಅಂದರೆ ಆಲ್ ಇನ್ ಆದಾಗ (ಉಳಿದ ಮೊತ್ತವೆಲ್ಲ ಪಾಟ್‌ಗೆ ಹೋದಾಗ) ಮಾತ್ರ ನಾಲ್ಕು. ಉಳಿದಂತೆ ಎರಡರಿಂದ ಗುಣಿಸಿ. ಟರ್ನ್‌ನಲ್ಲಿ ಪಾಟ್ 1000, ಬೆಟ್ 500 ಆದರೆ ಶೇ 25 ಬೇಕು, ನಿಮ್ಮಲ್ಲಿರುವುದು ಸುಮಾರು 20. ಆದರೂ ಕಾಲ್ ಮಾಡಬಹುದು, ಫ್ಲಶ್ ಕೂಡಿದಾಗ ರಿವರ್‌ನಲ್ಲಿ ಅವರಿಂದ ಸರಾಸರಿ ಇನ್ನು 550ರಷ್ಟು ಬರುತ್ತದೆ ಎಂಬ ಭರವಸೆ ಇದ್ದರೆ. ಅವರ ಬಳಿ ಉಳಿದಿರುವುದೇ 300 ಆದರೆ ಆ ಭರವಸೆಗೆ ಅರ್ಥವಿಲ್ಲ.

ನೀವೇ ಬೆಟ್ ಹಾಕುವಾಗ ಪ್ರಶ್ನೆ ತಿರುಗಿ ನಿಲ್ಲುತ್ತದೆ. ಲಾಭಕ್ಕೆ ಹಾಕುವುದಾದರೆ, ನನಗಿಂತ ದುರ್ಬಲವಾದ ಯಾವ ಕೈ ಇದಕ್ಕೆ ಕಾಲ್ ಮಾಡುತ್ತದೆ? ಬ್ಲಫ್ ಆದರೆ, ನನಗಿಂತ ಬಲವಾದ ಯಾವ ಕೈ ಬಿಟ್ಟುಹೋಗುತ್ತದೆ? ಎರಡಕ್ಕೂ ಹೆಸರು ಹೇಳಲಾಗದಿದ್ದರೆ ಚೆಕ್ ಮಾಡುವುದೇ ಸರಿ. ಅರ್ಧ ಪಾಟ್‌ನ ಬ್ಲಫ್ ಮೂರರಲ್ಲಿ ಒಂದು ಸಲ ಫಲಿಸಿದರೆ ಸಮ, ಪೂರ್ತಿ ಪಾಟ್‌ನದು ಎರಡರಲ್ಲಿ ಒಂದು ಸಲ ಫಲಿಸಬೇಕು.

2003ರ ವರ್ಲ್ಡ್ ಸಿರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯದ ಕೊನೆಯಲ್ಲಿ ಉಳಿದವರು ಇಬ್ಬರು: ಟೆನೆಸಿಯ ಅಕೌಂಟೆಂಟ್ ಕ್ರಿಸ್ ಮನಿಮೇಕರ್ ಮತ್ತು ನುರಿತ ವೃತ್ತಿಪರ ಸ್ಯಾಮ್ ಫರ್ಹಾ. ಮೇಜಿನ ಮೇಲೆ ಇಸ್ಪೀಟ್ ಒಂಬತ್ತು, ಡೈಮಂಡ್ ಎರಡು, ಇಸ್ಪೀಟ್ ಆರು, ಆಮೇಲೆ ಇಸ್ಪೀಟ್ ಎಂಟು, ಕೊನೆಗೆ ಆಟೀನ್ ಮೂರು. ಫರ್ಹಾ ಕೈಯಲ್ಲಿದ್ದ ಒಂದು ಒಂಬತ್ತು ಮೇಜಿನ ಒಂಬತ್ತಿನೊಡನೆ ಸೇರಿ ಜೋಡಿಯಾಗಿತ್ತು, ಅದೇ ಮೇಲುಗೈ. ಮನಿಮೇಕರ್ ಬಳಿ ಇಸ್ಪೀಟ್ ರಾಜ ಮತ್ತು ಆಟೀನ್ ಏಳು. ಫ್ಲಶ್ಶೂ ಸ್ಟ್ರೇಟೂ ಎರಡೂ ಕೈತಪ್ಪಿದ್ದವು. ಆದರೂ ಅವರು ಆಲ್ ಇನ್ ಎಂದರು. ಮೂರನೇ ಇಸ್ಪೀಟ್ ಬಿದ್ದಾಗ ಟರ್ನ್‌ನಲ್ಲಿ ರೇಸ್ ಮಾಡಿದ್ದರಿಂದ, ಪೂರ್ಣಗೊಂಡ ಫ್ಲಶ್‌ನ ಕಥೆಗೆ ಅವರ ಆಟ ಎಲ್ಲೂ ಹೊಂದದೇ ಇರಲಿಲ್ಲ. ಇಸ್ಪೀಟ್ ರಾಜ ತಮ್ಮಲ್ಲೇ ಇದ್ದುದರಿಂದ ಎದುರಿಗೆ ದೊಡ್ಡ ಫ್ಲಶ್ ಇರುವ ಸಾಧ್ಯತೆಯೂ ಕಡಿಮೆಯಾಗಿತ್ತು. ಫರ್ಹಾಗೆ ಸಂಶಯ ಬಂದಿತ್ತು, ಬಹಳ ಹೊತ್ತು ಯೋಚಿಸಿದರು, ಫೋಲ್ಡ್ ಮಾಡಿದರು. 839 ಜನ ಆಡಿದ ಆ ಪಂದ್ಯದಲ್ಲಿ ಮನಿಮೇಕರ್ 25 ಲಕ್ಷ ಡಾಲರ್ ಗೆದ್ದರು. ಇದನ್ನು ಟಿವಿಯಲ್ಲಿ ನೋಡಿ, ಏನೇ ಬಂದರೂ ಕಾಲ್ ಮಾಡುವ ಗೆಳೆಯನೆದುರು ಇದೇ ಸಾಹಸಕ್ಕೆ ಇಳಿಯುವವರಿದ್ದಾರೆ. ಒಂದು ಜೋಡಿಯನ್ನು ಬಿಟ್ಟುಕೊಡಬಲ್ಲವರ ಎದುರು ಮಾತ್ರ ಬ್ಲಫ್ ನಡೆಯುತ್ತದೆ.

ನಿಮ್ಮ ರಾಜ-ಗುಲಾಮಕ್ಕೇ ಮರಳಿದರೆ, ಎದುರಿನವರು ಟರ್ನ್‌ನಲ್ಲಿ 800 ಹಾಕದೆ ಚೆಕ್ ಮಾಡಿದ್ದರು ಎನ್ನಿ. ಎಕ್ಕ-ರಾಜ, ಸೆಟ್ ಇದ್ದವರು ಸಾಮಾನ್ಯವಾಗಿ ಅಲ್ಲಿ ಸುಮ್ಮನಿರುವುದಿಲ್ಲ. ಅವರಲ್ಲಿರುವುದು ಹತ್ತರ ಜೋಡಿಯೋ, ರಾಣಿಯ ಜೋಡಿಯೋ, ಎಕ್ಕ-ಒಂಬತ್ತೋ, ರಾಜ-ಹತ್ತೋ ಇರಬೇಕು. ಈಗ ರಿವರ್‌ನಲ್ಲಿ 1350ರ ಪಾಟ್‌ಗೆ ನೀವೇ 600-700 ಹಾಕಿ. ಇವೆಲ್ಲವೂ ಸಂಶಯದಿಂದ ಕಾಲ್ ಮಾಡುವ ಕೈಗಳೇ. ಅವರು ಅದರ ಮೇಲೆ 2500ಕ್ಕೆ ರೇಸ್ ಮಾಡಿದರೆ, ಮೂರು ಸುತ್ತು ಸುಳ್ಳು ಹೇಳದ ಜನ ರಿವರ್ ರೇಸ್‌ನಲ್ಲಿ ಸುಳ್ಳು ಹೇಳುವುದು ಇನ್ನೂ ಅಪರೂಪ. ಫೋಲ್ಡ್ ಮಾಡಿ.