ಆಟಿಯ ಮಳೆಯಲ್ಲಿ ಒಣಗುವ ಅಂಗಿ

ತುಳುವರ ಮಳೆಗಾಲದ ಆಟಿ ತಿಂಗಳಲ್ಲಿ ಮಂಗಳೂರಿನ ಯಾವ ಮನೆಯ ಚಾವಡಿಗೆ ಕಾಲಿಟ್ಟರೂ ತಲೆಗೆ ತಾಗುವುದು ಒದ್ದೆ ಬಟ್ಟೆಯೇ. ನಮ್ಮಲ್ಲಿ ಹತ್ತಿಯ ಬೈರಾಸು (ಟವೆಲು) ಮೂರನೆಯ ದಿನವೂ ತಣ್ಣಗಿರುತ್ತದೆ. ಪಕ್ಕದಲ್ಲೇ ತೂಗುತ್ತಿದ್ದ ಮಗನ ಅರ್ಜೆಂಟೀನಾ ಜೆರ್ಸಿ ಬೆಳಗಾಗುವಷ್ಟರಲ್ಲಿ ಒಣಗಿರುತ್ತಿತ್ತು. ಫುಟ್‌ಬಾಲ್ ಅಂಗಿಯ ಇತಿಹಾಸವನ್ನು ಬಣ್ಣ, ಪಟ್ಟೆಗಳ ಕಥೆಯಾಗಿ ಹೇಳುವುದು ರೂಢಿ. ನನಗೆ ಅದು ನೀರಿನ ಕಥೆಯಾಗಿಯೇ ಕಾಣುತ್ತದೆ.

ಹತ್ತಿಯ ಸೆಲ್ಯುಲೋಸ್ ನೀರಿನ ಅಣುಗಳನ್ನು ಎಳೆಯೊಳಕ್ಕೆ ಸೆಳೆದು ಹಿಡಿದುಕೊಳ್ಳುತ್ತದೆ. ಸಾಧಾರಣ ಹವೆಯಲ್ಲೂ ತೂಕದ ಸುಮಾರು ಶೇ. 8ರಷ್ಟು ತೇವ ಅದರಲ್ಲಿರುತ್ತದೆ, ಈಗಿನ ಜೆರ್ಸಿಗಳ ಪಾಲಿಯೆಸ್ಟರಿನಲ್ಲಿ ಶೇ. 0.4 ಮಾತ್ರ. ಅಲ್ಲಿ ಬೆವರು ಎಳೆಗಳ ನಡುವಿನ ಸಂದಿಗಳಲ್ಲಿ ಹರಡಿ ಆರಿಹೋಗುತ್ತದೆ.

1986ರ ಮೆಕ್ಸಿಕೋ ವಿಶ್ವಕಪ್‌ನಲ್ಲಿ ಉರುಗ್ವೆ ವಿರುದ್ಧ ಅರ್ಜೆಂಟೀನಾ ತೊಟ್ಟಿದ್ದ ನೀಲಿ ಹತ್ತಿಯಂಗಿಗಳು ತೊಯ್ದು ಭಾರವಾದವು. ಇಂಗ್ಲೆಂಡ್ ಎದುರಿನ ಪಂದ್ಯಕ್ಕೂ ನೀಲಿಯೇ ಬೇಕು. ತರಬೇತುದಾರ ಬಿಲಾರ್ಡೊ ಹಗುರವಾದದ್ದನ್ನು ಹುಡುಕಲು ಮೆಕ್ಸಿಕೋ ನಗರದ ಅಂಗಡಿಗಳಿಗೇ ಜನ ಕಳಿಸಿದರು. ತಂದ ಅಂಗಿಗೆ ಅವಸರದಲ್ಲಿ ಲಾಂಛನ ಹೊಲಿದು, ಮಿನುಗುವ ಬೆಳ್ಳಿಬಣ್ಣದ ಅಂಕಿಗಳನ್ನು ಇಸ್ತ್ರಿ ಹಾಕಿ ಅಂಟಿಸಿದರು. ಜೂನ್ 22ರಂದು ಮರಡೋನಾ ಕೈಯಿಂದ ಒಂದು, ಕಾಲಿನಿಂದ ಒಂದು ಗೋಲು ಹೊಡೆದದ್ದು ಆ ಅಂಗಡಿ ಅಂಗಿಯಲ್ಲೇ. 2022ರ ಹರಾಜಿನಲ್ಲಿ ಅದಕ್ಕೆ ಸಿಕ್ಕಿದ್ದು ಸುಮಾರು 71 ಲಕ್ಷ ಪೌಂಡ್.

ನೀರನ್ನು ಒಲ್ಲದ ಪಾಲಿಯೆಸ್ಟರಿಗೆ ನೀರಲ್ಲಿ ಕರಗುವ ಬಣ್ಣವೂ ಹತ್ತುವುದಿಲ್ಲ. ಅದಕ್ಕೆ ಉಪಾಯ ಸಿಕ್ಕಿದ್ದು ನಮ್ಮ ದೇವರ ಕೋಣೆಯ ಕರ್ಪೂರದ ಗುಣದಲ್ಲಿ: ದ್ರವವಾಗದೆ ನೇರವಾಗಿ ಆವಿಯಾಗುವುದು. ಕಾಗದದ ಮೇಲೆ ಚಿತ್ರ ಅಚ್ಚುಹಾಕಿ, ಬಟ್ಟೆಗೆ ಒತ್ತಿ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಕಾಯಿಸಿದರೆ ಬಣ್ಣ ಆವಿಯಾಗಿ ಎಳೆಯೊಳಗೆ ಹೊಕ್ಕು, ತಣಿದಾಗ ಅಲ್ಲೇ ಸೆರೆಯಾಗುತ್ತದೆ. ಪಟ್ಟೆ ನೇಯುವ, ತುಂಡು ಜೋಡಿಸಿ ಹೊಲಿಯುವ ಹಂಗು ತಪ್ಪಿತು. 1998ರ ವಿಶ್ವಕಪ್‌ನಲ್ಲಿ ಮೆಕ್ಸಿಕೋದ ಹಸಿರು ಅಂಗಿಯ ತುಂಬ ಅಲ್ಲಿನ ಪ್ರಾಚೀನ ಆಜ್ಟೆಕ್ ಜನರು ಕೆತ್ತಿದ ಸೂರ್ಯಶಿಲೆಯ ಚಿತ್ರ ಮೂಡಿತು. ಒಂದು ಜನಾಂಗದ ಪುರಾಣವನ್ನೇ ಎದೆಯ ಮೇಲೆ ಹೊತ್ತು ಓಡುವುದೆಂದರೆ ಸಣ್ಣ ಮಾತಲ್ಲ.

ಆದರೆ ಪಾಲಿಯೆಸ್ಟರಿಗೆ ಮೈಯ ಜಿಡ್ಡೆಂದರೆ ಬಲು ಪ್ರೀತಿ. ನಾತಕ್ಕೆ ಕಾರಣವಾಗುವ ಮೈಕ್ರೋಕಾಕಸ್ ಬ್ಯಾಕ್ಟೀರಿಯಾಗಳೂ ಅದರಲ್ಲಿ ಹುಲುಸಾಗಿ ಬೆಳೆಯುತ್ತವೆ. ನೆಹರೂ ಮೈದಾನದ ಕೆಸರಿನಲ್ಲಿ ಆಡಿ ಬಂದ ಜೆರ್ಸಿಗೆ ಎರಡು ಸಲ ಸೋಪು ತಿಕ್ಕಿದರೂ ಸಾಲದು. ಹಾಗಾಗಿ ಎಲ್ಲಕ್ಕಿಂತ ಬೇಗ ಒಣಗುವ ಬಟ್ಟೆಗೇ ಈ ವರ್ಷ ನಮ್ಮ ಚಾವಡಿಯಲ್ಲಿ ಜಾಗ ಇಲ್ಲವಾಗಿದೆ. ಹಿತ್ತಿಲ ಸೌದೆ ಕೊಟ್ಟಿಗೆಯಲ್ಲಿ ಅದಕ್ಕೊಂದು ಬೇರೆ ಹಗ್ಗ ಕಟ್ಟಿದ್ದೇವೆ.