ಆಟ ಚಿಕಿತ್ಸೆ: ಇಲ್ಲಿ ‘ಆಡು’ ಅಂದರೆ ಏನು?

ಹೋದ ವಾರ ಪೇಪರಿನ ಮಡಿಕೆಯಿಂದ ಬೇಸಿಗೆ ಶಿಬಿರದ ಕರಪತ್ರವೊಂದು ಜಾರಿ ಬಿತ್ತು. ಈಜು, ಸ್ಕೇಟಿಂಗ್, ಕರಾಟೆ, ಅದರ ಕೆಳಗೆ ‘ಪ್ಲೇ ಥೆರಪಿ’. ಅಂದರೆ ಆಟ ಚಿಕಿತ್ಸೆ: ಮನಸ್ಸಿನ ಭಾರವನ್ನು ಮಗು ಆಟದ ಮೂಲಕ ಹೊರಗೆ ಹಾಕಲು ತರಬೇತಿ ಪಡೆದವರು ನೆರವಾಗುವುದು. ಅದಕ್ಕೂ ಮುಂಚೆ ಒಂದು ಲೇಖನದಲ್ಲಿ ಇದೇ ಪದ ‘ಕ್ರೀಡಾ ಚಿಕಿತ್ಸೆ’ ಆಗಿತ್ತು. ಓದಿದವರು ಅದನ್ನು ಆಟಗಾರರ ಮಂಡಿನೋವಿಗೆ ಕೊಡುವ ಚಿಕಿತ್ಸೆ ಅಂದುಕೊಂಡರೆ ತಪ್ಪು ಅವರದಲ್ಲ.

ಸಂಸ್ಕೃತದಲ್ಲಿ ಕ್ರೀಡೆ ಅಂದರೂ ಆಟವೇ. ಬಾಲಕ್ರೀಡೆ, ಜಲಕ್ರೀಡೆ ಅನ್ನುವಾಗ ಆ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ಆದರೆ ಕ್ರೀಡಾಂಗಣ, ಕ್ರೀಡಾಕೂಟ, ಕ್ರೀಡಾಪಟು ಎಲ್ಲ ಸೇರಿ ಇವತ್ತಿನ ಕನ್ನಡದಲ್ಲಿ ಅದನ್ನು ನಿಯಮ, ತಂಡ, ಸೋಲು-ಗೆಲುವಿನ ಕಡೆಗೆ ಎಳೆದುಕೊಂಡಿವೆ. ಮಗು ಬೆಂಕಿಪೊಟ್ಟಣವನ್ನು ಬಸ್ಸು ಮಾಡಿ ದಿಂಬಿನ ಘಾಟಿ ಹತ್ತಿಸುವಾಗ ಅಲ್ಲಿ ಗೆಲ್ಲುವವರು ಯಾರೂ ಇಲ್ಲ. ಅದು ಆಟ, ಅಷ್ಟೆ.

ಈ ‘ಆಟ’ ಹುಟ್ಟಿದ್ದು ‘ಆಡು’ವಿನಿಂದ. ಆಡು ಅಂದರೆ ಅಲುಗುವುದು: ತಲೆಯಾಡಿಸು, ತೂಗಾಡು, ಉಸಿರಾಡು. ಆಡು ಅಂದರೆ ಅಭಿನಯಿಸುವುದು: ಕರಾವಳಿಯವರು ‘ಇವತ್ತು ರಾತ್ರಿ ಆಟ ಉಂಟು’ ಅಂದರೆ ಯಕ್ಷಗಾನ ಇದೆ ಎಂದರ್ಥ, ಚೆಂಡಾಟವಲ್ಲ. ಕೊನೆಗೆ, ಆಡು ಅಂದರೆ ನುಡಿಯುವುದು: ಮಾತಾಡು, ಆಡುಮಾತು, ‘ಅವನು ಒಂದು ಮಾತೂ ಆಡಲಿಲ್ಲ’. ಬೆನ್ನ ಹಿಂದೆ ಆಡಿಕೊಳ್ಳುವುದೂ ಇದೇ ಆಡು. ಇಂಗ್ಲಿಷಿನ ‘ಪ್ಲೇ’ಯಲ್ಲಿ ಆಟವಿದೆ, ನಾಟಕವಿದೆ; ನುಡಿ ಇಲ್ಲ. ನಮ್ಮ ಪದದಲ್ಲಿ ಮೂರೂ ಇವೆ. ಆಟ ಚಿಕಿತ್ಸೆ ನಿಂತಿರುವುದು ಈ ಮೂರರ ಮೇಲೇ, ಅದರಲ್ಲೂ ಮೂರನೆಯದರ ಮೇಲೆ. ಮಗು ಅಲ್ಲಿ ಆಡುವುದು ತನ್ನ ಮಾತನ್ನು. ಇಷ್ಟು ಒದಗಿ ಬರುವ ಪದ ಮನೆಯಲ್ಲೇ ಇರುವಾಗ ಕ್ರೀಡೆಯನ್ನು ಯಾಕೆ ಕರೆತರಬೇಕು?

‘ಚಿಕಿತ್ಸೆ’ಯೂ ಇಲ್ಲಿ ಚೆನ್ನಾಗಿ ಕೂರುತ್ತದೆ. ಅದರ ಮೂಲ ‘ಚಿತ್’, ಅಂದರೆ ಅರಿಯುವುದು, ಗಮನಿಸುವುದು. ಅದರ ಇಚ್ಛಾರೂಪವೇ, ಅಂದರೆ ‘ಅರಿಯಬೇಕು’ ಎಂಬ ಬಯಕೆಯನ್ನು ಹೇಳುವ ರೂಪವೇ ಚಿಕಿತ್ಸೆ. ಗ್ರೀಕಿನ ‘ಥೆರಪೆಯಾ’ ಕೂಡ ಜೊತೆಗಿದ್ದು ನೋಡಿಕೊಳ್ಳುವುದು, ಸೇವೆ ಮಾಡುವುದು. ಮಗು ಆಡುತ್ತದೆ, ದೊಡ್ಡವರೊಬ್ಬರು ಪೂರ್ತಿ ಗಮನ ಕೊಟ್ಟು ನೋಡುತ್ತಾರೆ. ಎರಡೂ ಪದ ಅಲ್ಲಿಗೆ ಮುಟ್ಟಿತು.

ಮಕ್ಕಳನ್ನು ಕೂರಿಸಿಕೊಂಡು ಕೇಳಿದರೆ ಆಗದೇ? ಕೇಳಿ ನೋಡಿ. ಬೋರಾದರೂ ‘ಬೇಜಾರು’, ಅವಮಾನವಾದರೂ ‘ಬೇಜಾರು’, ಅಜ್ಜ ತೀರಿಕೊಂಡರೂ ‘ಬೇಜಾರು’. ಸ್ಕೂಲಿನ ಭಯ ಬೆಳಗ್ಗೆ ಎಂಟು ಗಂಟೆಗೆ ‘ಹೊಟ್ಟೆನೋವು’ ಆಗಿ ಬರುತ್ತದೆ. ನೋವು ನಿಜವೇ, ಹೆಸರು ಮಾತ್ರ ಬೇರೆ. ನನ್ನ ಅಕ್ಕನ ಮಗಳು ಐದು ವರ್ಷದವಳಿದ್ದಾಗ ಜ್ವರದಿಂದ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಳು. ಮನೆಗೆ ಬಂದ ಮೇಲೆ ‘ಭಯ ಆಯ್ತಾ ಪುಟ್ಟಿ?’ ಅಂದರೆ ‘ಇಲ್ಲ’. ‘ನೋವಾಯ್ತಾ?’ ‘ಇಲ್ಲ’. ಮಧ್ಯಾಹ್ನ ಗೊಂಬೆಯ ಕೈಗೆ ರಬ್ಬರ್ ಬ್ಯಾಂಡ್ ಸುತ್ತಿ, ಪೆನ್ಸಿಲ್ ಮೊನೆ ಒತ್ತಿ, ‘ಏನಿಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೆ’ ಅಂದಳು. ಆಮೇಲೆ ಅದರ ಕಿವಿಗೆ ಬಾಯಿಟ್ಟು, ‘ಸುಳ್ಳು ಕಣೆ, ತುಂಬ ನೋವಾಗತ್ತೆ.’ ನಾಲ್ಕೈದು ದಿನ ಅದೇ ಆಟ. ಆಸ್ಪತ್ರೆಯಲ್ಲಿ ಚುಚ್ಚಿಸಿಕೊಂಡವಳು, ಇಲ್ಲಿ ಚುಚ್ಚುವವಳು. ಭಯದ ಕಡಿವಾಣ ಅವಳ ಕೈಗೆ ಬಂದಿತ್ತು.

ಇದು ಚಿಕಿತ್ಸೆಯಲ್ಲ, ಮಕ್ಕಳು ತಾವಾಗಿಯೇ ಮಾಡಿಕೊಳ್ಳುವ ಕೆಲಸ. ಅದು ತಾನಾಗಿ ಆಗದೇ ಇದ್ದಾಗ, ಅಂದರೆ ಸಾವು, ಅಪ್ಪ-ಅಮ್ಮ ಬೇರೆಯಾಗುವುದು, ದೌರ್ಜನ್ಯ ಇಂಥವುಗಳ ಭಾರಕ್ಕೆ ಆಟವೇ ನಿಂತುಹೋದಾಗ ಅಥವಾ ಒಂದೇ ಕಡೆ ಸಿಕ್ಕಿಕೊಂಡಾಗ, ತರಬೇತಿ ಪಡೆದವರು ಬೇಕಾಗುತ್ತದೆ. ಲಂಡನ್ನಿನಲ್ಲಿ ಮಕ್ಕಳ ವೈದ್ಯೆ ಮಾರ್ಗರೆಟ್ ಲೋವೆನ್‌ಫೆಲ್ಡ್ 1928ರಲ್ಲಿ ಮಕ್ಕಳ ಕ್ಲಿನಿಕ್ ತೆರೆದರು. ಅಲ್ಲಿ ಮಕ್ಕಳು ಪುಟ್ಟ ಗೊಂಬೆಗಳನ್ನು ಮರಳಿನ ತಟ್ಟೆಯಲ್ಲಿ ಜೋಡಿಸಿ, ಅದಕ್ಕೆ ತಾವೇ ‘ಪ್ರಪಂಚ’ ಎಂದು ಹೆಸರಿಟ್ಟರು. ಅಮೆರಿಕದ ಮನಶ್ಶಾಸ್ತ್ರಜ್ಞೆ ವರ್ಜೀನಿಯಾ ಆಕ್ಸ್‌ಲೈನ್ 1947ರ ತಮ್ಮ ಪುಸ್ತಕದಲ್ಲಿ ಆಟ ಚಿಕಿತ್ಸೆಗೆ ಎಂಟು ಸೂತ್ರ ಕೊಟ್ಟರು. ಅವುಗಳ ತಿರುಳು: ಮಗು ಮುಂದೆ, ದೊಡ್ಡವರು ಹಿಂದೆ, ಅವಸರ ಬೇಡ.

ಚಿಕಿತ್ಸೆಯ ಕೋಣೆಯಲ್ಲಿ ಇರುವುದು ಗೊಂಬೆಮನೆ, ಪ್ರಾಣಿಗಳು, ಡಾಕ್ಟರ್ ಸೆಟ್, ಜೇಡಿಮಣ್ಣು, ಮರಳು. ಬಟನ್ ಒತ್ತಿದರೆ ತಾನೇ ಹಾಡಿ ಕುಣಿಯುವ ಆಟಿಕೆ ಇಲ್ಲಿ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಅದು ತನ್ನ ಕಥೆ ತಾನೇ ಹೇಳಿಬಿಡುತ್ತದೆ. ಮಗು ಅಮ್ಮನ ಗೊಂಬೆಯನ್ನು ಮರಳಲ್ಲಿ ಹೂತರೆ ಚಿಕಿತ್ಸಕರು ‘ಯಾಕೆ?’ ಅನ್ನುವುದಿಲ್ಲ. ‘ಅಮ್ಮ ಈಗ ಯಾರಿಗೂ ಕಾಣ್ತಿಲ್ಲ’ ಅನ್ನುತ್ತಾರೆ. ಕಂಡದ್ದನ್ನು ಹೇಳಿ ಸುಮ್ಮನಾಗುತ್ತಾರೆ. ಹಾಗಂತ ಏನು ಮಾಡಿದರೂ ನಡೆಯುತ್ತದೆ ಅಂತಲ್ಲ. ಮಗು ಹೊಡೆಯಲು ಬಂದರೆ, ‘ನಿಂಗೆ ನನ್ ಮೇಲೆ ಸಿಟ್ಟು ಬಂದಿದೆ. ನನ್ನನ್ನ ಹೊಡೆಯೋ ಹಾಗಿಲ್ಲ. ಆ ದಿಂಬಿಗೆ ಹೊಡಿ.’ ಸಿಟ್ಟಿಗೆ ಹೆಸರು ಸಿಕ್ಕಿತು, ದಾರಿಯೂ ಸಿಕ್ಕಿತು.

ಒಂದೇ ಸಲ ಹೂತದ್ದನ್ನು ನೋಡಿ ‘ಮಗುವಿಗೆ ಅಮ್ಮನ ಮೇಲೆ ದ್ವೇಷ’ ಎಂದು ತೀರ್ಪು ಕೊಡುವ, ಕಪ್ಪು ಕ್ರೇಯಾನ್ ಹಿಡಿದರೆ ಖಿನ್ನತೆ ಅನ್ನುವ ವಿಡಿಯೋಗಳನ್ನು ದಯವಿಟ್ಟು ನಂಬಬೇಡಿ. ಕಪ್ಪು ಕ್ರೇಯಾನ್ ಕೈಗೆ ಹತ್ತಿರ ಇದ್ದಿರಬಹುದು. ಬಲ್ಲವರು ನೋಡುವುದು ವಾರವಾರವೂ ಏನು ಮರಳಿ ಬರುತ್ತಿದೆ, ಏನು ಬದಲಾಗುತ್ತಿದೆ ಎಂಬುದನ್ನು.

ಇನ್ನು, ಆಟ ಇದ್ದಲ್ಲೆಲ್ಲ ಆಟ ಚಿಕಿತ್ಸೆ ಅಂತಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ಆಟದ ಮೂಲಕ ಪಾಠ. ಒಳ್ಳೆಯದೇ, ಆದರೆ ಅಲ್ಲಿ ಮಗು ಏನು ಕಲಿಯಬೇಕು ಎಂಬುದು ಮೊದಲೇ ಗೊತ್ತಿರುತ್ತದೆ. ಇಲ್ಲಿ ಪಾಠವಿಲ್ಲ. ಸ್ಪೀಚ್ ಥೆರಪಿಯಲ್ಲಿ ಚೆಂಡು ಉರುಳಿಸುತ್ತಾ ಉಚ್ಚಾರಣೆ ಹೇಳಿಕೊಡುವುದೂ ಆಟ ಚಿಕಿತ್ಸೆಯಲ್ಲ.

ಮಗು ಆ ಕೋಣೆಯಿಂದ ಹೊರಗೆ ಬಂದಾಗ ಹೆಚ್ಚಿನ ಪೋಷಕರು ಕೇಳುವುದು ಒಂದೇ: ‘ಒಳಗೆ ಏನಾಡಿದೆ?’ ಏನು ಆಟ ಆಡಿದೆ ಅಂತಲೂ ಆಗುತ್ತದೆ, ಏನು ಮಾತಾಡಿದೆ ಅಂತಲೂ ಆಗುತ್ತದೆ. ಎರಡನ್ನೂ ಕೇಳಬೇಡಿ. ಅದು ಆಡಬೇಕಾದ್ದನ್ನು ಒಳಗೆ ಆಡಿ ಬಂದಿದೆ. ನೀರು ಬೇಕಾ ಅಂತ ಕೇಳಿ, ಚಪ್ಪಲಿ ಹಾಕಿಸಿ, ಮನೆಗೆ ಕರೆದುಕೊಂಡು ಹೋಗಿ.