ಸ್ಪಾನ್ಸರ್‌ಶಿಪ್ ಬೇಕು ಅಂತ ಕಂಪನಿಗೆ ಯಾವಾಗ ಹೇಳಬೇಕು?

ಪ್ರಶ್ನೆ: ತಂಗಿ ಬ್ರಿಟನ್ನಿನ ಲೀಡ್ಸ್‌ನಲ್ಲಿ ಎಂಎಸ್‌ಸಿ ಮುಗಿಸಿ ಗ್ರಾಜುಯೇಟ್ ವೀಸಾದಲ್ಲಿದ್ದಾಳೆ (ಓದು ಮುಗಿದ ಮೇಲೆ ಸ್ವಲ್ಪ ಕಾಲ ಅಲ್ಲೇ ಇದ್ದು ಕೆಲಸ ಮಾಡಲು ಕೊಡುವ ವೀಸಾ), ಕೆಲಸ ಹುಡುಕುತ್ತಿದ್ದಾಳೆ. ಸ್ಪಾನ್ಸರ್‌ಶಿಪ್ (ಕೆಲಸದ ವೀಸಾಗೆ ಕಂಪನಿಯೇ ಪ್ರಾಯೋಜಕನಾಗುವುದು) ಮಾತು ಆಫರ್ ಬಂದ ಮೇಲೆ ಎತ್ತು ಅಂತಾರಂತೆ ಗೆಳತಿಯರು. ಸರಿಯಾ?
– ಓದುಗರು, ಗೋಣಿಕೊಪ್ಪಲು

ಉತ್ತರ: ಬೇಡ. ಎಚ್‌ಆರ್ ಜೊತೆಗಿನ ಮೊದಲ ಕಾಲ್‌ನಲ್ಲೇ ಹೇಳಿಬಿಡಲಿ. ಸ್ಪಾನ್ಸರ್ ಮಾಡದ ಕಂಪನಿ ಮೂರು ರೌಂಡ್ ಮುಗಿದ ಮೇಲೂ ಮಾಡುವುದಿಲ್ಲ. ಸುಮ್ನೆ ಕರಗುವುದು ಅವಳ ವೀಸಾದ ದಿನಗಳು. ಇನ್ನು ಅರ್ಜಿಯಲ್ಲೇ ‘ಈಗ ಅಥವಾ ಮುಂದೆ ಸ್ಪಾನ್ಸರ್‌ಶಿಪ್ ಬೇಕಾ’ ಅಂತ ಕೇಳಿದ್ದರೆ ‘ಹೌದು’ ಅಂತಲೇ ತುಂಬಬೇಕು.

ಆದರೆ ಬರೀ ‘ನನಗೆ ವೀಸಾ ಬೇಕು’ ಅಂದರೆ ಎದುರಿನವರು ಗಾಬರಿಯಾಗುತ್ತಾರೆ. ಹೀಗೆ ಹೇಳಲಿ: ‘ನನ್ನ ವೀಸಾ ಇಂಥ ತಿಂಗಳವರೆಗೆ ಇದೆ, ನಾಳೆಯೇ ಸೇರಬಹುದು. ಆಮೇಲೆ ಸ್ಕಿಲ್ಡ್ ವರ್ಕರ್ ವೀಸಾ ಬೇಕು. ನಿಮಗೆ ಸ್ಪಾನ್ಸರ್ ಮಾಡುವ ಸರ್ಕಾರಿ ಲೈಸೆನ್ಸ್ ಇರುವುದು ನೋಡಿದ್ದೇನೆ. ಈ ಹುದ್ದೆಗೂ ಸ್ಪಾನ್ಸರ್ ಮಾಡ್ತೀರಾ?’ ಆ ಕೊನೆಯ ಪ್ರಶ್ನೆ ಮುಖ್ಯ. ಲೈಸೆನ್ಸ್ ಇದ್ದ ಮಾತ್ರಕ್ಕೆ ಎಲ್ಲ ಹುದ್ದೆಗೂ ಕೊಡುವುದಿಲ್ಲ.

ಲೈಸೆನ್ಸ್ ಇರುವ ಕಂಪನಿಗಳ ಪಟ್ಟಿಯನ್ನು ಬ್ರಿಟನ್ ಸರ್ಕಾರವೇ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ, ಪುಕ್ಕಟೆ. ಅದನ್ನು ಜಾಲಾಡುವ ಕೆಲಸ ಗೋಣಿಕೊಪ್ಪಲಿನಲ್ಲಿ ಕೂತು ನೀವೇ ಮಾಡಿಕೊಡಬಹುದು, ಮಳೆಗಾಲದಲ್ಲಿ ಕರೆಂಟ್ ಇದ್ದರೆ! ಬೋರ್ಡಿನ ಮೇಲಿನ ಹೆಸರೇ ಅಲ್ಲಿರಬೇಕೆಂದಿಲ್ಲ, ನೋಂದಾಯಿತ ಹೆಸರಲ್ಲೂ ಹುಡುಕಿ.

ಸಂಬಳವನ್ನೂ ಅದೇ ಮಾತಿನಲ್ಲಿ ಕೇಳಿಬಿಡಬೇಕು. 2025ರ ಜುಲೈ 22ರಿಂದ ಸ್ಕಿಲ್ಡ್ ವರ್ಕರ್ ವೀಸಾಗೆ ಸಂಬಳದ ಸಾಮಾನ್ಯ ಕನಿಷ್ಠ ಮಿತಿ ವರ್ಷಕ್ಕೆ 41,700 ಪೌಂಡ್. ಗ್ರಾಜುಯೇಟ್ ವೀಸಾದಿಂದ ಬದಲಾಯಿಸುವವರಿಗೆ ‘ನ್ಯೂ ಎಂಟ್ರಂಟ್’ (ಹೊಸದಾಗಿ ಕೆಲಸಕ್ಕೆ ಸೇರುವವರು) ರಿಯಾಯಿತಿ ಇದೆ, ಆಗ ಮಿತಿ 33,400. ಆಯಾ ಕೆಲಸಕ್ಕೆ ನಿಗದಿಯಾದ ದರ (ರಿಯಾಯಿತಿ ಇರುವವರಿಗೆ ಅದರ ಶೇ 70) ಇದಕ್ಕಿಂತ ಜಾಸ್ತಿಯಿದ್ದರೆ ಅದೇ ಲೆಕ್ಕ. ಈ ರಿಯಾಯಿತಿ ಗೊತ್ತಿಲ್ಲದ ಎಚ್‌ಆರ್‌ಗಳೂ ಇರುತ್ತಾರೆ. ಅವಳೇ ನೆನಪಿಸಿದರೆ ತಪ್ಪಿಲ್ಲ.

ಇನ್ನು ದುಡ್ಡಿನ ವಿಷಯ. ಕಂಪನಿ ಕೊಡುವ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್‌ನ (ಸಿಒಎಸ್) ಶುಲ್ಕವನ್ನು ಕಂಪನಿಯೇ ಕಟ್ಟಬೇಕು, ನೌಕರರ ಮೇಲೆ ಹಾಕುವಂತಿಲ್ಲ. ಹಾಗಾಗಿ ಯಾರಾದರೂ ಏಜೆಂಟ್ ‘ಸಿಒಎಸ್ ಕೊಡಿಸ್ತೀನಿ, ಇಷ್ಟು ಲಕ್ಷ ಆಗುತ್ತೆ’ ಅಂದರೆ ಕಾಫಿ ಮಾರಿದ ದುಡ್ಡು ತೆಗೆದುಕೊಡಬೇಡಿ. ವೀಸಾ ಅರ್ಜಿಯ ಶುಲ್ಕ ಮತ್ತು ವರ್ಷಕ್ಕೆ 1,035 ಪೌಂಡಿನ ಹೆಲ್ತ್ ಸರ್‌ಚಾರ್ಜ್ ಸಾಮಾನ್ಯವಾಗಿ ಅವಳ ಪಾಲಿಗೇ ಬರುತ್ತದೆ. ಕೆಲವು ಕಂಪನಿಗಳು ಅದನ್ನೂ ಭರಿಸುತ್ತವೆ. ಆಫರ್ ಬರುವವರೆಗೆ ಕಾದು ಕೇಳಬಹುದಾದ ಮಾತು ಇದೊಂದೇ.